ಕರಾಚಿಯಿಂದ ನಾಲ್ಕು ತಾಸು

ಸಾಕ್ಷಿಯಿಲ್ಲದ ಮಾತನ್ನು ನಾನು ಎಂದೂ ನಂಬಿದವನಲ್ಲ. ಭಾಲ್ಕಿಯ ಶಾಲೆಯಲ್ಲಿ ಚರ್ಚಾಸ್ಪರ್ಧೆಗೆ ನಿಂತಾಗ ದೆವ್ವ, ಶಕುನ, ಕಣಿ ಎಲ್ಲವನ್ನೂ ಹರಿದುಹಾಕಿ ಚಪ್ಪಾಳೆ ಗಿಟ್ಟಿಸಿದ್ದೆ. ಆದ್ದರಿಂದ ಇದನ್ನು ಬರೆಯುವಾಗ ನನಗೇ ಮುಜುಗರ. ನಗುವುದಾದರೆ ನಗಿ, ಆದರೆ ಪೂರ್ತಿ ಕೇಳಿ.

ನಿಜಾಮರ ಆಳ್ವಿಕೆಯ ಕೊನೆಯ ಮಳೆಗಾಲ. ಚಿಂತಾಕಿಯ ನನ್ನ ಸೋದರತ್ತೆ, ಮಗ ಮಾಣಿಕನಿಗೆ ಬೀದರಿನ ವಿಮಾನ ಮೈದಾನದಲ್ಲಿ ಹಮಾಲಿ ಸಿಕ್ಕಿದ್ದರಿಂದ, ಎರಡು ಕುರಿ ಹೊಡೆದುಕೊಂಡು ಅಲ್ಲೇ ಹತ್ತಿರ ಬಂದು ನೆಲೆಸಿದ್ದಳು. ನಿಜಾಮರ ದಂಡಿಗೆ ಬಂದೂಕು ಹೊತ್ತು ಕರಾಚಿಯಿಂದ ಕದ್ದು ಬರುವ ವಿಮಾನದ ಪೆಟ್ಟಿಗೆ ಇಳಿಸುವುದು ಅವನ ಕೆಲಸ. ಅದು ಎಂದು ಬರುತ್ತದೆಂದು ಅವನಿಗೂ ಗೊತ್ತಿರುತ್ತಿರಲಿಲ್ಲ. ಅತ್ತೆಗೆ ಗೊತ್ತಿರುತ್ತಿತ್ತು. ಕುರಿ ಸಾಕುವವರ ಮನೆಯಲ್ಲಿ, ಹಿಂಡು ದೂರದ ಅಡವಿಯಲ್ಲಿ ಮನೆಯತ್ತ ಹೊರಳಿತೆಂದು ಅನಿಸಿದಾಗಲೇ ಹೆಂಗಸರು ಅಡುಗೆಗೆ ಕೈಹಚ್ಚುತ್ತಾರೆ. ಅದೇ ರೂಢಿಯಲ್ಲಿ ಅವಳು "ಹೊಂಟದ" ಎನ್ನುತ್ತ ಮಗನ ಊಟದ ಪಲ್ಯಕ್ಕೆ ಮಡಕಿ ಕಾಳು ನೀರಿಗೆ ಹಾಕುವಳು. ಕಾಳು ನೆನೆಯುವ ಹೊತ್ತಿಗೆ ವಿಮಾನ ತಲೆಯ ಮೇಲೆ.

ಶಾಲೆಯ ನಕಾಶೆಯ ಮೇಲೆ ದಾರ ಹಿಡಿದು ಅಳೆದೆ. ಎಂಟುನೂರು ಮೈಲಿಗೆ ಮೇಲೆ, ಸುಮಾರು ನಾಲ್ಕು ತಾಸಿನ ಹಾರಾಟ. ಅಷ್ಟು ದೂರದ ಸದ್ದು ಯಾರ ಕಿವಿಗೂ ಬೀಳದೆಂದು ವಾದಿಸಿದೆ.

"ಸದ್ದು ಯಾರ್ ಕೇಳ್ಯಾರೋ ತಮ್ಮಾ? ಕುರಿ ಹೊಳ್ಳಿದ್ದು ಕೇಳಸ್ತದೇನು?" ಎಂದಳು.

ಪೊಲೀಸ್ ಆ್ಯಕ್ಷನ್ ಆಯಿತು. ಮೈದಾನದ ಮೇಲೆ ಬಾಂಬು ಬಿದ್ದವು. ಮಾಣಿಕ ಮನೆಗೆ ಬರಲಿಲ್ಲ, ಹೆಣವೂ ಸಿಗಲಿಲ್ಲ. ಕೊನೆಯ ವಿಮಾನ ಹತ್ತಿ ಹೋದನೆಂದು ಯಾರೋ ಅಂದದ್ದನ್ನೇ ಅತ್ತೆ ಹಿಡಿದು ಕೂತಳು.

ದೀಪಾವಳಿ ಕಳೆದ ಮೇಲೆ ಅವಳನ್ನು ಊರಿಗೆ ಕರೆದೊಯ್ಯಲು ಬಂಡಿ ತಂದೆ. ಸಾಮಾನು ಏರಿಸಿದ್ದಾಗಿತ್ತು. ಮಧ್ಯಾಹ್ನ ಹೊಸ್ತಿಲು ದಾಟುತ್ತಿದ್ದವಳು ನಿಂತುಬಿಟ್ಟಳು. "ಹೊಂಟದ." ಗಂಟು ಬಿಚ್ಚಿ ಕಾಳು ನೆನೆಹಾಕಿದಳು. ಮೈದಾನ ಭಾರತದ ದಂಡಿನವರ ಕೈಯಲ್ಲಿದೆ, ಕರಾಚಿಯಿಂದ ಇನ್ನು ಯಾವ ವಿಮಾನವೂ ಬಾರದು ಎಂದೆ.

"ಕಾಳು ನೆನಿಯೋತನಾ ಕೂಡು. ಅಂವ ಬರ್ಲಿಲ್ಲಂದ್ರ ನೀ ಹೇಳ್ದಂಗ ಕೇಳ್ತೇನಿ."

ವಾದ ಗೆಲ್ಲುವ ಆಸೆಗೆ ಕೂತೆ.

ಹೊತ್ತು ಇಳಿಯುವಾಗ ಪಡುವಣದಿಂದ ಎಂಜಿನ್ನಿನ ಸದ್ದು ಬಂತು. ಮಾಳಿಗೆಯ ಮೇಲೆಯೇ ಹಾದು, ಮೈದಾನದ ಕಡೆ ಇಳಿದು, ನಿಂತಿತು. ನಾನು ಅಂಗಳದಲ್ಲೇ ಇದ್ದೆ. ಆಕಾಶದಲ್ಲಿ ಮೋಡವೂ ಇರಲಿಲ್ಲ, ವಿಮಾನವೂ ಇರಲಿಲ್ಲ. ಕುರಿಗಳು ಬಂಡಿಯ ಕೆಳಗೆ ನುಗ್ಗಿದ್ದವು. ಬಂಡಿಯವನು ಎತ್ತುಗಳ ಮೂಗುದಾರ ಜಗ್ಗಿ ಹಿಡಿದಿದ್ದ. ಅವನಿಗೆ ಪಾಟೀಸವಾಲು ಹಾಕಿದೆ.

"ನಾ ಏನೂ ಕೇಳಿಲ್ರಿ," ಎಂದ. "ಎತ್ತು ಕೇಳ್ಯಾವ್ರಿ."

ಅತ್ತೆ ಒಲೆ ಹಚ್ಚಿ ಬಾಗಿಲಲ್ಲಿ ನಿಂತಳು. ಪೆಟ್ಟಿಗೆ ಇಳಿಸಿ ಮುಗಿಸುವಷ್ಟು ಹೊತ್ತಾಯಿತು. ಮನೆಗೆ ನಡೆದು ಬರುವಷ್ಟು ಹೊತ್ತೂ ಆಯಿತು. ಕೊನೆಗೆ ಒಲೆಗೆ ನೀರು ಚಿಮುಕಿಸಿ, "ಅದು ಬಂತು. ಅಂವ ಇಳಿಲಿಲ್ಲ," ಎಂದಳು. ನೆನೆದ ಕಾಳನ್ನು ಎತ್ತುಗಳ ಮುಂದೆ ಸುರಿದು, ತಾನಾಗಿಯೇ ಬಂಡಿ ಹತ್ತಿದಳು. ಚಿಂತಾಕಿ ಮುಟ್ಟಿದ ಮೇಲೆ ಮಗನ ಹೆಸರಿನಲ್ಲಿ ಕರ್ಮ ಮಾಡಿಸಿದಳು.

ಸದ್ದು ನನ್ನ ಭ್ರಮೆ ಎಂದು ವಾದಿಸಬಲ್ಲೆ. ಎತ್ತುಗಳು ಹಾವು ಕಂಡು ಬೆದರಿದವೆಂದೂ ವಾದಿಸಬಲ್ಲೆ. ಆದರೆ ದಾರಿ ಕಾಯುವ ತಾಯಿಯ ಆಸೆಯೇ ಆ ವಿಮಾನವನ್ನು ಅಷ್ಟು ದೂರದಿಂದ ತಂದಿದ್ದರೆ, ಅದರಿಂದ ಅವನನ್ನು ಇಳಿಸದೆ ಬಿಡುತ್ತಿತ್ತೇ? ಇದೊಂದಕ್ಕೆ ನನ್ನ ಬಳಿ ಎದುರುವಾದವಿಲ್ಲ.