ಹುಳುವಿನ ತಟ್ಟೆಗೆ ಹಾಸಿದ ಚಿತ್ರಗಳು

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಮ್ಮ ಸೀಮೆಯಲ್ಲಿ ಯುರೋಪಿನ ಹೊಸ ಚಿತ್ರಕಲೆಯ ಬಗ್ಗೆ ತಿಳಿಯಬೇಕೆಂದರೆ ಒಂದೇ ಆಧಾರವಿತ್ತು: ಮುಳಬಾಗಿಲಿನ ನನ್ನ ಡ್ರಾಯಿಂಗ್ ಮೇಷ್ಟರ ಬಳಿಯಿದ್ದ ಚಿತ್ರದ ಹಾಳೆಗಳ ಕಟ್ಟು. ಚಿನ್ನದ ಗಣಿಯ ಬಿಳಿ ದೊರೆಗಳು ಓದಿ ಎಸೆದ ಇಂಗ್ಲಿಷ್ ಪತ್ರಿಕೆಗಳು ಕೋಲಾರದ ರದ್ದಿ ಅಂಗಡಿಯೊಂದಕ್ಕೆ ಬರುತ್ತಿದ್ದವು. ಮೇಷ್ಟರು ಭಾನುವಾರ ಅಲ್ಲಿಗೆ ಸೈಕಲ್ ತುಳಿದು ಹೋಗಿ, ಆ ರಾಶಿಯಲ್ಲಿ ಕೂತು ಚಿತ್ರದ ಹಾಳೆಗಳನ್ನು ಕತ್ತರಿಸಿಕೊಂಡು, ಅಂಚಿನಲ್ಲಿ ಕನ್ನಡದ ಟಿಪ್ಪಣಿ ಬರೆಯುತ್ತಿದ್ದರು. ಹನ್ನೆರಡು ವರ್ಷದ ಕೆಲಸ. ಕನ್ನಡದಲ್ಲಿ ಒಂದು ಪುಸ್ತಕ ಬರೆಯಬೇಕೆಂಬುದೇ ಅವರ ಬದುಕಿನ ಆಸೆ. ಮೂಗು ಕೆನ್ನೆಗೆ ಹೋಗಿ ಕೂತಿರುವ ಹೆಂಗಸಿನ ಚಿತ್ರ ತೋರಿಸಿದರೆ ಊರವರು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಬೆಂಗಳೂರಿನಲ್ಲಿ ನಾನು ಓದುತ್ತಿದ್ದ ಕಾಲೇಜಿನ ಪತ್ರಿಕೆಗೆ ಲೇಖನ ಬೇಕಾದಾಗ ಮಾತ್ರ ಅವರ ಕಾಲಿಗೆ ಬಿದ್ದೆ.

"ಇರೋದು ಇದೊಂದೇ ಕಣಯ್ಯಾ, ಜೋಪಾನ," ಎಂದು ಕಟ್ಟು ಕೊಟ್ಟರು.

ಟಿಪ್ಪಣಿಗಳನ್ನು ಅಕ್ಷರ ಬಿಡದೆ ಇಳಿಸಿ, ಕೆಳಗೆ ನನ್ನ ಹೆಸರು ಹಾಕಿಕೊಂಡೆ. ಪ್ರಾಧ್ಯಾಪಕರು ಬೆನ್ನು ತಟ್ಟಿದರು. ನಾಚಿಕೆಯಾಗಲಿಲ್ಲ, ಹೆದರಿಕೆಯಾಯಿತು. ಕಟ್ಟಿನ ಪಕ್ಕ ಲೇಖನವಿಟ್ಟರೆ ಎಂಥ ದಡ್ಡನಿಗೂ ಕಳ್ಳತನ ಕಾಣುತ್ತಿತ್ತು. ಅಷ್ಟರಲ್ಲಿ ಮೇಷ್ಟರು ಕಾಗದ ಬರೆದರು: ಪುಸ್ತಕ ಶುರುಮಾಡುತ್ತಿದ್ದೇನೆ, ಕಟ್ಟು ಒಯ್ಯಲು ಬರುತ್ತೇನೆ.

ಕಟ್ಟು ಹಿಡಿದು ರಜೆಗೆ ಬಂದಾಗ ಸುಗಟೂರಿನ ನಮ್ಮ ಮನೆಯಲ್ಲಿ ರೇಷ್ಮೆಹುಳುಗಳು ಪೊರೆ ಕಳಚಿ ಎದ್ದಿದ್ದವು. ಆಗ ತಟ್ಟೆಗಳಿಗೆ ಬೇರೆ ಕಾಗದ ಹಾಸಬೇಕು; ಯುದ್ಧದ ದೆಸೆಯಿಂದ ಹಳೆಯ ಪೇಪರೂ ಸಿಗುತ್ತಿರಲಿಲ್ಲ.

"ಹಾಸೋಕೆ ಏನಾದ್ರೂ ತಂದ್ಕೊಡೋ," ಎಂದು ಅಮ್ಮ ಗೋಗರೆದಳು.

ಕಟ್ಟು ಬಿಚ್ಚಿ ನಾನೇ ಹಾಸಿದೆ. ಆ ನುಣುಪು ಹಾಳೆ ತೇವ ಹೀರುವುದಿಲ್ಲವೆಂದು ರೇಷ್ಮೆ ಮನೆಯಲ್ಲಿ ಹುಟ್ಟಿ ಬೆಳೆದ ನನಗೇ ಹೊಳೆಯಲಿಲ್ಲ. ನಾಲ್ಕು ದಿನದಲ್ಲಿ ಹುಳುಗಳೆಲ್ಲ ಕೊಳೆತವು; ಹಾಳೆ ಸಮೇತ ತಿಪ್ಪೆಗೆ ಸುರಿದೆವು.

ಮೇಷ್ಟರು ಬಂದದ್ದು ಆ ನಾತದ ಮನೆಗೆ.

"ಅಮ್ಮಂಗೆ ಓದು ಬರಲ್ಲ ಸಾರ್. ರದ್ದಿ ಅಂದ್ಕೊಂಡು ಹಾಸ್ಬಿಟ್ಟಿದ್ದಾಳೆ," ಎಂದೆ.

ಅಮ್ಮ ನನ್ನ ಮುಖ ನೋಡಿದಳು. ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದಳು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಆಗ ಅನ್ನಿಸಿದ್ದು, ಸದ್ಯ, ಪಾರಾದೆ ಎಂದು.

ಮೇಷ್ಟರು ತಿಪ್ಪೆಯ ಬಳಿ ಕುಕ್ಕರಗಾಲಿನಲ್ಲಿ ಕೂತು ಹಾಳೆಗಳನ್ನು ಬಿಡಿಸಲು ನೋಡಿದರು. ಬೆರಳಿಗೆ ಅಂಟಿದ್ದು ಹುಳುವಿನ ರಸ. ಕೈ ತೊಳೆದುಕೊಂಡು ಬಂದು ಮೆಲ್ಲಗೆ ಹೇಳಿದರು:

"ನಿನ್ನ ಲೇಖನ ಓದ್ದೆ ಕಣಯ್ಯಾ, ಯಾರೋ ತೋರಿಸಿದ್ರು. ಒಂದು ಪ್ರತಿ ಇದ್ರೆ ಕೊಡ್ತೀಯಾ? ನಾನು ಬರ್ದಿದ್ದು ಈಗ ಅದರಲ್ಲಿ ಮಾತ್ರ ಉಳ್ದಿರೋದು."

ಪೆಟ್ಟಿಗೆಯಲ್ಲಿ ಐದು ಪ್ರತಿಗಳಿದ್ದವು.

"ಎಲ್ಲಾ ಹಂಚಿಬಿಟ್ಟೆ ಸಾರ್," ಎಂದೆ.