ಅಚ್ಚಾಗದೆ ಹೋದ ಮುಖಪುಟ

ಮೊನ್ನೆ ಹುಮನಾಬಾದ್ ಬಸ್ ನಿಲ್ದಾಣದ ಗೋಡೆಗೆ ಯಾರೋ ಪೋಸ್ಟರ್ ಅಂಟಿಸುತ್ತಿದ್ದರು. ಮೈದಾ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಹೈಸ್ಕೂಲಿನ ಡ್ರಾಯಿಂಗ್ ಸರ್ ನೆನಪಾದರು. ಬಸ್ಸು ಬಂತು, ಹೋಯಿತು. ನಾನು ಅಲ್ಲೇ ನಿಂತಿದ್ದೆ...

ಸರ್ ಮನೆಯಲ್ಲಿ ಯಾವ ಕಾಗದವೂ ಕಸಕ್ಕೆ ಹೋಗುತ್ತಿರಲಿಲ್ಲ. ಬೀಡಿ ಕಟ್ಟಿನ ಲೇಬಲ್, ಬೀಜದ ಪಾಕೀಟು, ಸಿನಿಮಾ ಪೋಸ್ಟರಿನ ತುಟಿ, ಎಲ್ಲವನ್ನೂ ಕತ್ತರಿಸಿ ರಟ್ಟಿನ ಮೇಲೆ ಅಂಟಿಸುತ್ತಿದ್ದರು. ‘ಇದಕ್ಕ ಪಾಪ್ ಆರ್ಟ್ ಅಂತಾರ ತಮ್ಮಾ. ಬಜಾರದಾಗ ಇದ್ದದ್ದೇ ಚಿತ್ರ ಆಗ್ತದ’ ಎನ್ನುತ್ತಿದ್ದರು. ನಾವು ಹಿಂದಿನಿಂದ ನಗುತ್ತಿದ್ದೆವು.

ನನ್ನ ಮೊದಲ ಕಥಾಸಂಕಲನ ಅಚ್ಚಿಗೆ ಹೋಗುವಾಗ ಅವರೇ ಹೀಗೆ ತುಣುಕು ಅಂಟಿಸಿ ಮುಖಪುಟದ ಕೊಲಾಜ್ ಮಾಡಿಕೊಟ್ಟರು. ಕಥೆಗಳೆಲ್ಲ ಕಬ್ಬು ಕಡಿಯುವ ಹೆಂಗಸರವು. ನಡುವೆ ಒಬ್ಬ ಹೆಂಗಸಿನ ಕಪ್ಪು ಬಿಳುಪು ಮುಖ, ಸುತ್ತ ಗುಲಾಬಿ, ಹಳದಿ ಲೇಬಲ್ಲುಗಳ ಗದ್ದಲ. ‘ಭಾಳ ಛಂದ ಅದರಿ ಸರ್’ ಎಂದೆ. ಸುಳ್ಳು! ಓದಿದವರು ನೋಡಿದರೆ ಕಿರಾಣಿ ಅಂಗಡಿ ಗೋಡೆ ಎಂದು ನಕ್ಕಾರು ಅಂತ ನನಗೆ ಅಂಜಿಕೆ. ಬಸವಕಲ್ಯಾಣದ ಪ್ರೆಸ್ಸಿನಲ್ಲಿ ಆ ರಟ್ಟನ್ನು ಬದಿಗಿಟ್ಟು, ಪ್ರೆಸ್ಸಿನವರ ಬಳಿಯೇ ಇದ್ದ ಸೂರ್ಯಾಸ್ತದ ಚಿತ್ರ ಹಾಕಿಸಿದೆ. ಸರ್‌ಗೆ ಹೇಳುವ ಧೈರ್ಯ ಆಗಲಿಲ್ಲ.

ಪುಸ್ತಕ ಕೈಗಿಟ್ಟಾಗ ಅವರು ಮುಂದೆ ನೋಡಿದರು, ಹಿಂದೆ ತಿರುಗಿಸಿದರು, ಒಳಗೂ ಹುಡುಕಿದರು. ಆಮೇಲೆ ಮೆಲ್ಲಗೆ, ‘ಇರಲಿ ಬಿಡು. ನಾ ಕೊಟ್ಟ ರಟ್ಟು ಎಲ್ಲಿ ಅದ ತಮ್ಮಾ? ಅದರಾಗ ಇದ್ದಾಕಿ ನಮ್ಮವ್ವ. ಆಕಿದು ಅದೊಂದೇ ಫೋಟೊ ಇತ್ತು’ ಎಂದರು.

‘ಒಂದೇ ಇದ್ದದ್ದು ಯಾಕ ಕತ್ತರಿಸಿದ್ರಿ ಸರ್?’

‘ಪುಸ್ತಕದ ಮ್ಯಾಲ ಬಂದ್ರ ಮನಿ ಮನಿಗಿ ಹೋಗ್ತಾಳ ಅಂದ್ಕೊಂಡೆ. ಆಕಿನೂ ಕಬ್ಬು ಕಡದಾಕಿನೇ...’

ಎದ್ದೆನೋ ಬಿದ್ದೆನೋ ಎಂದು ಬಸವಕಲ್ಯಾಣಕ್ಕೆ ಓಡಿದೆ. ಪುಸ್ತಕದ ಗಂಟುಗಳು ಮುದುಡದಿರಲಿ ಎಂದು ಪ್ರೆಸ್ಸಿನವರು ಆ ರಟ್ಟನ್ನು ನಾಲ್ಕು ತುಂಡು ಮಾಡಿ ಗಂಟುಗಳ ಅಡಿಯಲ್ಲಿಟ್ಟು ಅಂಗಡಿಗಳಿಗೆ ಕಳಿಸಿಬಿಟ್ಟಿದ್ದರು. ‘ಬ್ಯಾಡ ಅಂದವರು ನೀವೇ ಅಲ್ಲೇನ್ರಿ?’ ಎಂದರು. ಗಂಟುಗಳು ಯಾವ ಯಾವ ಊರಿಗೆ ಹೋಗಿದ್ದವೋ! ವಾಪಸು ಬಂದು ಹೇಳಿದಾಗ ಸರ್ ಒಂದು ಮಾತೂ ಬೈಯಲಿಲ್ಲ. ಎಂದಿನಂತೆ ಚಹಾ ಕೊಟ್ಟರು. ಬೈದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸರ್ ಈಗ ಇಲ್ಲ. ಆ ಪುಸ್ತಕ ಮತ್ತೆ ಅಚ್ಚಾಗುತ್ತಿದೆ. ಈ ಸಲ ಮುಖಪುಟ ಮಾಡುವ ಕಲಾವಿದೆಗೆ ಎಲ್ಲವನ್ನೂ ಹೇಳಿಕೊಂಡೆ. ‘ಹಂಗೇ ಒಂದು ಕೊಲಾಜ್ ಮಾಡೂಣ್ರಿ. ಆ ಅವ್ವನ ಮುಖ ಹ್ಯಾಂಗಿತ್ತು ಹೇಳ್ರಿ’ ಎಂದಳು. ಹೇಳಲು ಹೋದರೆ ಕಣ್ಣಿಗೆ ಬಂದದ್ದು ಆ ಗುಲಾಬಿ, ಹಳದಿ ಲೇಬಲ್ಲುಗಳಷ್ಟೇ. ಯಾರು ನಗುತ್ತಾರೋ ಎಂಬ ಚಿಂತೆಯಲ್ಲಿ ನಾನು ಆಕೆಯನ್ನು ಸರಿಯಾಗಿ ನೋಡಿರಲೇ ಇಲ್ಲ.