ಹಗೇವಿನ ಬಾಯಿ ತೆರೆದ ದಿನ

ಗಟಾರ ತೋಡಲು ಬಂದ ಜೆಸಿಬಿ ನಮ್ಮ ಮನೆಯ ಮುಂದೆ ಒಂದು ಕಲ್ಲುಚಪ್ಪಡಿ ಎತ್ತಿದಾಗ ನಾನು ಬೆಳಗಿನ ವ್ಯಾಯಾಮ ಮುಗಿಸಿ ಸ್ನಾನಕ್ಕೆ ಹೊರಟಿದ್ದೆ. ಚಪ್ಪಡಿಯ ಕೆಳಗೆ ಒಬ್ಬ ಮನುಷ್ಯ ತೂರುವಷ್ಟು ಕಪ್ಪು ಬಾಯಿ. ನೋಡಿದ ಕೂಡಲೇ ತಿಳಿಯಿತು, ಅಪ್ಪನ ಕಾಲದ ಹಗೇವು.

ಗೋಕುಲ ರಸ್ತೆಗೆ ಹತ್ತಿದ ನಮ್ಮ ಓಣಿ ಆಗ ಊರಿನ ಕಣ. ನೆಲದಲ್ಲಿ ಗಡಿಗೆಯ ಆಕಾರದ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹೊದಿಸಿ, ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ಅದೇ ಹಗೇವು. ಹೊಲಗಳು ಪ್ಲಾಟುಗಳಾದವು, ಕಾರ್ಖಾನೆಗಳು ಬಂದವು, ಜೋಳ ಅಂಗಡಿಯ ಚೀಲದಲ್ಲಿ ಬರತೊಡಗಿತು. ಕೆಲವರು ಹಗೇವಿಗೆ ಮಣ್ಣು ತುಂಬಿದರು. ಉಳಿದವರು ಚಪ್ಪಡಿ ಮುಚ್ಚಿ ಅದರ ಮೇಲೆಯೇ ಕಾಂಕ್ರೀಟ್ ಹಾಕಿದರು.

ಹಗೇವು ತೆಗೆದಾಗ ಮನೆಯ ಕಿರಿಮಗ ಇಳಿದು ಮೊದಲ ಹಿಡಿ ಜೋಳ ತರಬೇಕು, ಅದು ದೇವರ ಮುಂದೆ ಹೋಗಬೇಕು ಎಂಬುದು ರೂಢಿ. ನನ್ನ ತಮ್ಮನಿಗೆ ಮೊಮ್ಮಕ್ಕಳಿದ್ದಾರೆ, ಆದರೂ ಕಿರಿಮಗ ಅವನೇ. ಅವನ ಹೆಂಡತಿ ಆಗಲೇ ಆರತಿ ತಟ್ಟೆ ಹಿಡಿದು ಬಂದಿದ್ದಳು.

"ಇವತ್ತ ಬ್ಯಾಡ. ಒಳಗ ಗಾಳಿ ಕೆಟ್ಟಿರ್ತೈತಿ, ಹೊಸಾ ಗಾಳಿ ಆಡ್ಲಿ. ನಾಳೆ ಕಂದೀಲ ಇಳಿಬಿಟ್ಟು, ಅದು ಆರದಿದ್ರ ಇಳಿಯೂಣು," ಎಂದೆ.

"ನಾಳೆ ಯಾರ ಬರ್ತಾರ್ರಿ ಕಾಕಾ? ಲಗೂ ಮುಗಸ್ರಿ, ಮುಚ್ಚಿ ಹೋಗ್ತೀನಿ," ಎಂದ ಜೆಸಿಬಿಯವನು.

"ಕಂದೀಲ ಎಲ್ಲೈತಿ ಅಣ್ಣಾ, ಈ ಓಣ್ಯಾಗ?" ತಮ್ಮ ನಕ್ಕು ಮೊಬೈಲಿನ ಟಾರ್ಚ್ ಹಚ್ಚಿ, ದಾರಕ್ಕೆ ಕಟ್ಟಿ ಇಳಿಬಿಟ್ಟ. ತಳದಲ್ಲಿ ಕಪ್ಪಿಟ್ಟ ಜೋಳ ಕಾಣಿಸಿತು. "ನೋಡು, ಛಲೋ ಉರಿಯಾಕತ್ತೈತಿ. ಆರೇತೇನು?"

"ಅದಕ್ಕ ಗಾಳಿ ಯಾಕ ಬೇಕೋ? ಅದು ಹ್ಯಾಂಗೂ ಆರೂದಿಲ್ಲ!"

ಯಾರೂ ಕೇಳಲಿಲ್ಲ, ಏಣಿ ತಂದು ಇಳಿಬಿಟ್ಟರು. ಕಂಕುಳಡಿ ಹಗ್ಗ ಕಟ್ಟದೆ ಇಳಿಯಗೊಡುವುದಿಲ್ಲ ಎಂದು ಏಣಿಗೆ ಅಡ್ಡ ನಿಂತೆ. "ನೀ ಸಾಲಿ ಬಿಟ್ರೂ ಡ್ರಿಲ್ ಮಾಸ್ತರಕಿ ಬಿಡ್ಲಿಲ್ಲ," ಎಂದು ಗೊಣಗುತ್ತ ತಮ್ಮ ಕೈ ಎತ್ತಿ ಕಟ್ಟಿಸಿಕೊಂಡ.

ಇಳಿಯುವಾಗ ಏನೋ ಚೇಷ್ಟೆ ಮಾತಾಡುತ್ತಿದ್ದ. ಮಾತು ನಡುವೆಯೇ ನಿಂತಿತು. ಬಗ್ಗಿ ನೋಡಿದೆ. ಜೋಳದ ಮೇಲೆ ಕುಸಿದು ಕೂತಿದ್ದ, ತಲೆ ಎದೆಗೆ ಬಿದ್ದಿತ್ತು. ಪಕ್ಕದಲ್ಲಿ ಟಾರ್ಚ್ ಮೊದಲಿನಷ್ಟೇ ಬೆಳ್ಳಗೆ ಉರಿಯುತ್ತಿತ್ತು. ಕೂಗಿದೆ. ತಲೆ ಎತ್ತಲಿಲ್ಲ. ಹಗ್ಗದ ತುದಿ ಹಿಡಿದು ಎಳೆಯತೊಡಗಿದೆ.

ಜೆಸಿಬಿಯವನು ಜಿಗಿದು ಬಂದು ಹಗ್ಗ ಹಿಡಿದ. ಓಣಿಯವರು ಸೇರಿದರು. ಎಳೆದೆವು. ಹಗೇವಿನ ಬಾಯಲ್ಲಿ ಅವನ ಭುಜ ಸಿಕ್ಕಿಕೊಂಡಿತು. ಅಷ್ಟು ಹತ್ತಿರ ಬಂದ ತಮ್ಮ ಅಲ್ಲೇ ಉಳಿದುಬಿಡುತ್ತಾನೆ ಅನಿಸಿತು. ಅವನ ಹೆಂಡತಿ ತಟ್ಟೆ ಚೆಲ್ಲಿ, ತೋಳು ಹಿಡಿದು ಓರೆಯಾಗಿ ತಿರುಗಿಸಿದಳು. ಹೊರಗೆ ಬಂದ. ತುಟಿ ನೀಲಿಯಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಕೆಮ್ಮಿದ.

ಸಂಜೆ ಆಸ್ಪತ್ರೆಯಿಂದ ಅವನನ್ನು ಕರೆತಂದೆವು. ಎದುರು ಅಪಾರ್ಟ್‌ಮೆಂಟಿನ ಹೆಣ್ಣುಮಗಳು ಸ್ಕೂಟರ್ ಹಿಡಿದು ಗೇಟಿನಲ್ಲೇ ನಿಂತಿದ್ದಳು.

"ಕಾಕಾ, ನಮ್ಮ ಪಾರ್ಕಿಂಗ್ ಕೆಳಗೂ ಹಗೇವು ಇರಬಹುದೇನ್ರಿ?"

ಕಣದಲ್ಲಿ ಅದು ಬೇರೊಂದು ಮನೆತನದ ಪಾಲು. ಮಾರಿ ಹೋದವರು ಮಣ್ಣು ತುಂಬಿದ್ದರೋ, ಬರೀ ಮುಚ್ಚಿದ್ದರೋ.

"ಗೊತ್ತಿಲ್ಲವ್ವಾ," ಎಂದೆ.

ಅವಳು ಸ್ಕೂಟರನ್ನು ಒಳಗೆ ಒಯ್ಯಲಿಲ್ಲ, ರಸ್ತೆಯ ಮೇಲೇ ನಿಲ್ಲಿಸಿದಳು. ರಸ್ತೆಯೂ ಅದೇ ಕಣ ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ.